ಖಾಲಿ ಒಂದು ನಿಮಿಷ

ಮಾತಾಡೋದಕ್ಕೂ ಡಿಗ್ರಿಯಾ, ಎಂದು ನಕ್ಕಿದ್ದ
ಜೀಪ್ನಿ ಓಡಿಸುವ ಮಾವ ಪ್ರುದೆನ್ಸಿಯೊ.
ನಿಮ್ಮತ್ತೆಗೆ ಯಾವ ಕಾಲೇಜು ಕಲಿಸಿತು ಹೇಳು,
ಸಂತೆಯ ಈ ತುದಿಯಲ್ಲಿ ಬೈದರೆ
ಆ ತುದಿಯ ಮೀನು ಮಗ್ಗುಲು ಬದಲಿಸುತ್ತದೆ.

ನಾನೂ ನಕ್ಕೆ. ಉತ್ತರ ಗೊತ್ತಿರಲಿಲ್ಲ.
ಅರ್ಜಿಯಲ್ಲಿ ತುಂಬಿದ್ದೆ: ಸಂವಹನ ಮತ್ತು ಮಾಧ್ಯಮ ಕಲೆ.
ಇಲೊಯ್ಲೊ ನಗರ, ಎರಡನೇ ಮಹಡಿ, ಒಂದೇ ಒಂದು ಎಸಿ,
ಅದೂ ಕಂಪ್ಯೂಟರುಗಳಿಗೆ.

ಮೊದಲ ವರ್ಷವೆಲ್ಲ ಸಿದ್ಧಾಂತ.
ಕಳಿಸುವವ, ಸಂದೇಶ, ಪಡೆಯುವವ, ನಡುವೆ ಒಂದು ಬಾಣ,
ಬಾಣದ ಮೇಲೆ ಸಣ್ಣಕ್ಷರದಲ್ಲಿ: ಗದ್ದಲ.
ಪರೀಕ್ಷೆಯಲ್ಲಿ ಬಾಣವನ್ನು ತಿರುಗುಮುರುಗು ಬರೆದು
ಎರಡು ಅಂಕ ಕಳಕೊಂಡೆ.
ಈಗ ಅನಿಸುತ್ತದೆ, ಸರಿಯಾಗಿಯೇ ಬರೆದಿದ್ದೆ.

ಉಪಕರಣದ ಕೋಣೆಯ ಕಿಟಕಿಯಲ್ಲಿ ಮನೊಂಗ್ ಎಲ್ಪಿಡಿಯೊ,
ಕಿವಿಗೆ ಸಿಕ್ಕಿಸಿದ ಪೆನ್ಸಿಲು.
ಸಹಿ ಹಾಕಿಸಿಕೊಂಡು ರೆಕಾರ್ಡರ್ ಕೊಡುತ್ತ ಎಲ್ಲರಿಗೂ ಅದೇ ಮಾತು:
ಎಲ್ಲಿಗೆ ಹೋದರೂ ಅಲ್ಲಿಯ ಖಾಲಿ ಒಂದು ನಿಮಿಷ ಹಿಡಿದು ತಾ.
ಯಾರೂ ಮಾತಾಡದಾಗ ಕೋಣೆ ಏನು ಮಾಡುತ್ತಿರುತ್ತದೋ, ಅದು.
ಆಮೇಲೆ ಬೇಕಾಗುತ್ತದೆ.
ಯಾಕೆ ಅಂದರೆ ಹೇಳಲಿಲ್ಲ. ಬ್ಯಾಟರಿ ಎಣಿಸಿ ಕೊಟ್ಟರು.

ಹಾಗೆ ಕೂಡಿಟ್ಟೆ. ಚರ್ಚಿನ ಖಾಲಿ.
ದೋಣಿಕಟ್ಟೆಯ ಖಾಲಿ, ಹಗ್ಗ ಕಿರುಗುಟ್ಟುವುದು.
ಅಮ್ಮನ ಅಡುಗೆಮನೆ ಮಾತ್ರ ಖಾಲಿಯಾಗಿ ಸಿಗಲಿಲ್ಲ,
ಎರಡು ಸಲ ಪ್ರಯತ್ನಿಸಿದೆ,
ಎರಡು ಸಲವೂ ಊಟ ಆಯ್ತಾ ಅಂದಳು.

ಮಿಯಾಗಾವಿನಲ್ಲಿ ನೇಯುವ ಲೋಲಾ ಕ್ರೆಸೆನ್ಸಿಯಾ,
ಎಪ್ಪತ್ತೊಂಬತ್ತು. ಮಗ್ಗದಲ್ಲಿ ಕೂತೇ ಮಾತಾಡಿದಳು,
ಲಾಳಿ ಹೋಗುವಾಗ ಒಂದು ಮಾತು, ಬರುವಾಗ ಇನ್ನೊಂದು:
ಬಣ್ಣ, ನೂಲಿನ ಬೆಲೆ, ಸತ್ತ ಗಂಡನ ಗೊರಕೆ.
ಹನ್ನೊಂದನೇ ನಿಮಿಷಕ್ಕೆ ಲಾಳಿ ನಿಂತಿತು.
ತಂಗಿಯ ಬಗ್ಗೆ ಒಂದು ವಾಕ್ಯ ಹೇಳಿದಳು.
ಒಂದೇ.
ಆಮೇಲೆ ಮೈಕಿನ ಕಡೆ ನೋಡಿದಳು,
ಅದು ಅಲ್ಲಿದೆಯೆಂದು ಆಗಷ್ಟೇ ತಿಳಿದವಳಂತೆ.
ಇಂದಾಯ್, ಅದನ್ನು ತೆಗೆದುಬಿಡು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ನಮ್ಮ ಲ್ಯಾಬಿನಲ್ಲಿ ಹೋಗುವುದಿಲ್ಲ.
ಪರದೆಯ ಮೇಲೆ ಅದು ಹಸಿರು ಅಲೆ,
ಎಡಕ್ಕೊಂದು ಗೀರು, ಬಲಕ್ಕೊಂದು ಗೀರು, ಒಂದು ಕೀ.
ಆರು ಸೆಕೆಂಡು ಮಾಯ.
ಉಳಿದದ್ದು ಮಾತ್ರ ಮೌನವಲ್ಲ, ತೂತು.
ಹೆಡ್‌ಫೋನಿನಲ್ಲಿ ಕೇಳಿದರೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಕಾಲು;
ಆ ಆರು ಸೆಕೆಂಡು ಲೋಲಾ ಬದುಕಿಯೇ ಇರಲಿಲ್ಲವೇನೋ.

ಆಗ ಹುಡುಕಿದೆ ಅವಳ ಕೋಣೆಯ ಖಾಲಿ ನಿಮಿಷವನ್ನು.
ಹಲ್ಲಿ. ದೂರದ ಟ್ರೈಸಿಕಲ್. ಬಿದಿರು ನೆಲದ ಕರಕರ,
ಎಲ್ಲೋ ತಳದಲ್ಲಿ ಅವಳ ಉಸಿರು.
ಅದರಿಂದ ಆರು ಸೆಕೆಂಡು ಕತ್ತರಿಸಿ ತಂದು
ಕಡಿದ ಎಳೆಗೆ ಹೊಸೆದೆ.
ಗಂಟು ಕಾಣಲಿಲ್ಲ.

ಪ್ರೊಫೆಸರ್ ವಿಲ್ಯಾರೂಸ್ ಅಂಚಿನಲ್ಲಿ ಬರೆದರು:
ಹನ್ನೊಂದನೇ ನಿಮಿಷದ ವಿರಾಮ ಅದ್ಭುತ,
ತಡೆದುಕೊಳ್ಳುವುದನ್ನು ಕಲಿತಿದ್ದೀಯ.
ಇಡೀ ತರಗತಿಗೆ ಕೇಳಿಸಿದರು.
ಆ ಜಾಗ ಬಂದಾಗ ಎಲ್ಲರೂ ತಲೆ ತಗ್ಗಿಸಿ ಕೂತರು,
ಪ್ರಾರ್ಥನೆಗೆ ಕೂತ ಹಾಗೆ.
ನಾನೊಬ್ಬಳು ವಾಕ್ಯ ಕೇಳುತ್ತಿದ್ದೆ.

ಲೋಲಾಳಿಗೂ ಕೇಳಿಸಿದೆ, ಮೊಣಕಾಲ ಮೇಲೆ ಫೋನಿಟ್ಟು.
ನನ್ನ ಮಗ್ಗಕ್ಕೆ ಒಳ್ಳೆ ಕಂಠ, ಅಂದಳು.
ಸ್ವಲ್ಪ ಹೊತ್ತು ಬಿಟ್ಟು: ತೆಗೆದೆಯಲ್ಲ?
ತೆಗೆದೆ, ಅಂದೆ.
ಸುಳ್ಳೇನಲ್ಲ. ಮೂಲ ಮಾತ್ರ ಇನ್ನೂ ಕಾರ್ಡಿನಲ್ಲಿತ್ತು.

ಇವತ್ತು ಸೆಮಿಸ್ಟರಿನ ಕೊನೆ.
ಮೈಕು, ತಂತಿ, ನಾಲ್ಕು ಬ್ಯಾಟರಿ, ಒಂದು ಕಾರ್ಡು,
ಮನೊಂಗ್ ಒಂದೊಂದಕ್ಕೂ ಗೆರೆ ಎಳೆದರು.
ಹೆಬ್ಬೆರಳು ಗುಂಡಿಯ ಮೇಲೆ.
ಎಲ್ಲರನ್ನೂ ಕೇಳುವ ಹಾಗೇ ಕೇಳಿದರು: ಅಳಿಸಲಾ?

ಫ್ಯಾನು ತಿರುಗುತ್ತಿತ್ತು.
ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ಒಂದು ನಿಮಿಷ, ಮನೊಂಗ್, ಅಂದೆ.